ಟೈಲರಮ್ಮನ ಕಂತುಗಳು

ಪತ್ರಿಕೆಯ ಕಚೇರಿಯಲ್ಲಿ ಅವನಿಗೆ ಕಂತಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವನಿಗೆ ಗೊತ್ತಿತ್ತು. ಹೆಂಗಸರ ವಾರಪತ್ರಿಕೆಗೆ, ಅದೂ ಹೆಂಗಸಿನ ಹೆಸರಿಟ್ಟುಕೊಂಡು, ತಲೆಗೂದಲು ಕಪ್ಪಗಿದ್ದಾಗಿನಿಂದ ಪೂರ್ತಿ ನರೆಯುವವರೆಗೆ ಧಾರಾವಾಹಿಯ ಕಂತು ಬರೆದುಕೊಂಡು ಬಂದವನನ್ನು ಇನ್ನೇನೆಂದು ಕರೆದಾರು?

ಅವನ ವಾರ ಹೀಗಿರುತ್ತಿತ್ತು. ಸೋಮವಾರ ಒಂದು ದಿನಪತ್ರಿಕೆಗೆ ಪುಸ್ತಕ ವಿಮರ್ಶೆ. ಮೇಜಿನ ಎಡಗಡೆ ಓದಬೇಕಾದ ಪುಸ್ತಕಗಳ ಗುಡ್ಡೆ ಏರುತ್ತಲೇ ಇರುತ್ತಿತ್ತು. ಮೇಲಿನದನ್ನು ಓದಿ ಮುಗಿಸುವಷ್ಟರಲ್ಲಿ ಅಂಚೆಯವನು ಇನ್ನೆರಡು ತಂದುಹಾಕಿರುತ್ತಿದ್ದ. ಬುಧವಾರ, ಗುರುವಾರ ಧಾರಾವಾಹಿ. ಶನಿವಾರ ಕಂತನ್ನು ಸಂಪಾದಕನಿಗೆ ಮುಟ್ಟಿಸಿ ಬಂದು, ಸಂಜೆ ರೇಡಿಯೋದವರಿಗೆ ಮಕ್ಕಳ ನಾಟಕವನ್ನೋ, ಯಾರದೋ ಪುಸ್ತಕಕ್ಕೆ ಮುನ್ನುಡಿಯನ್ನೋ ಗೀಚುವುದು. ಉಳಿದ ಹೊತ್ತೆಲ್ಲ ಕಾದಂಬರಿಗೆ. ಕಾದಂಬರಿ ಎಂದರೆ ಧಾರಾವಾಹಿಯಲ್ಲ. ಒಂದು ಊರು ಹುಟ್ಟಿ, ಬೆಳೆದು, ಅಣೆಕಟ್ಟಿನ ನೀರಿನಲ್ಲಿ ಮುಳುಗುವ ದೊಡ್ಡ ಕಥೆ. ಅದಕ್ಕೆ ತನ್ನ ಸ್ವಂತ ಹೆಸರು ಹಾಕುವುದೆಂದು ಅವನು ತೀರ್ಮಾನಿಸಿದ್ದ. ಎಷ್ಟೋ ಸಲ ಮೊದಲಿನಿಂದ ಬರೆದಿದ್ದ. ಊರು ಇನ್ನೂ ಮುಳುಗಿರಲಿಲ್ಲ.

ಅವನ ಹೆಂಡತಿ ಇದ್ಯಾವುದನ್ನೂ ಓದಿದವಳಲ್ಲ. ಅವಳು ನೀರಿನ ಇಲಾಖೆಯ ದೂರು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಬೆಳಗಿನಿಂದ ಸಂಜೆಯವರೆಗೆ ಜನರ ಗೋಳು ಕೇಳಿ ಮನೆಗೆ ಬಂದವಳಿಗೆ ಇನ್ನೊಬ್ಬರ ಗೋಳನ್ನು ಪುಸ್ತಕದಲ್ಲಿ ಓದುವ ಆಸೆ ಉಳಿದಿರಲಿಲ್ಲ. "ನೀವು ಬರೀರಿ, ನಾನು ಬೇಡ ಅಂದಿಲ್ವಲ್ಲ" ಎನ್ನುತ್ತಿದ್ದಳು, ಅಷ್ಟೆ. ಅವನಿಗೂ ಅದು ಅನುಕೂಲವಾಗಿತ್ತು. ಧಾರಾವಾಹಿಯನ್ನು ಅವಳು ಓದಿದರೆ ನಾಚಿಕೆ, ಕಾದಂಬರಿಯನ್ನು ಓದಿದರೆ ಭಯ.

ಆಮೇಲೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಉದ್ದನೆಯ ಹಾಲ್, ಸಾಲಾಗಿ ಮಂಚಗಳು, ಒಂದೊಂದು ಮಂಚಕ್ಕೆ ಒಂದೊಂದು ಯಂತ್ರ. ಕೈಗೆ ದಪ್ಪ ಸೂಜಿ ಚುಚ್ಚಿ ಕೂರಿಸಿದರೆ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕದಲುವ ಹಾಗಿಲ್ಲ. ನೀರನ್ನೂ ಅಳತೆ ಮಾಡಿ ಕುಡಿಯಬೇಕು.

"ಊರಿಗೆಲ್ಲ ನೀರು ಬಿಡಿಸಿದೋಳು ನಾನು" ಎಂದು ಅವಳು ಮೊದಲ ದಿನವೇ ಸಿಸ್ಟರ್‌ಗೆ ಹೇಳಿದಳು. "ಈಗ ನನಗೇ ರೇಷನ್. ಯಾರ ಹತ್ರ ದೂರು ಕೊಡ್ಲಿ ಹೇಳು?"

ಪಕ್ಕದ ಮಂಚದಲ್ಲಿದ್ದ ಪೇಂಟರ್ ಜೋರಾಗಿ ನಕ್ಕ. ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಆಳು. ಏಣಿ ಹತ್ತಲಾಗದೆ ಕೆಲಸ ಬಿಟ್ಟು ಕೂತಿದ್ದ. ಅವತ್ತಿನಿಂದ ಅವಳನ್ನು ಅಕ್ಕ ಎಂದೇ ಕರೆದ.

ಕಂತಪ್ಪ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ವಿಮರ್ಶೆಯ ಪುಸ್ತಕ ಓದುತ್ತಿದ್ದ. ಒಂದು ದಿನ ಅವಳಿಗೆ ಬೇಜಾರು ತಡೆಯಲಾಗಲಿಲ್ಲ.

"ರೀ, ನೀವೊಬ್ರೇ ಓದ್ಕೋತೀರಲ್ಲ, ಸ್ವಲ್ಪ ಜೋರಾಗಿ ಓದಿ."

ಅವನು ಕೈಯಲ್ಲಿದ್ದ ಪುಸ್ತಕದ ಎರಡು ಪುಟ ಓದಿದ. ಅವಳು ಕೈ ಅಡ್ಡ ಮಾಡಿದಳು. "ಬೇಡ ಬೇಡ. ಇದಕ್ಕಿಂತ ಮಿಷನ್ ಸದ್ದೇ ವಾಸಿ. ನೀವು ಬರೆದಿದ್ದು ಏನಾದ್ರೂ ಇದ್ರೆ ಓದಿ."

ಮುಂದಿನ ಸಲ ಅವನು ಕಾದಂಬರಿಯ ಕಟ್ಟು ತಂದ. ಬಹಳ ಇಷ್ಟಪಟ್ಟು ಬರೆದ ಅಧ್ಯಾಯವನ್ನೇ ಆರಿಸಿಕೊಂಡಿದ್ದ. ಅವಳು ಕೊನೆಯವರೆಗೂ ಕಣ್ಣು ಬಿಟ್ಟುಕೊಂಡೇ ಕೇಳಿದಳು. ಆಮೇಲೆ, ನೋಯಿಸಬಾರದು ಎಂಬ ಎಚ್ಚರದಿಂದಲೇ ಕೇಳಿದಳು:

"ಇದ್ರಲ್ಲಿ ಯಾರೂ ಊಟಾನೇ ಮಾಡಲ್ವಾ?"

"ಅಂದ್ರೆ?"

"ಬೆಳಗಿಂದ ಬರೀ ಮಾತಾಡ್ತಾರೆ. ಇಲ್ಲಾ ಗುಡ್ಡದ ಮೇಲೆ ನಿಂತು ಯೋಚನೆ ಮಾಡ್ತಾರೆ. ಹಸಿವಾಗಲ್ವಾ ಅವರಿಗೆ?"

ಪೇಂಟರ್ ನಗು ತಡೆದುಕೊಂಡು ಆ ಕಡೆ ಮುಖ ತಿರುಗಿಸಿದ. ಕಂತಪ್ಪನ ಮುಖ ಇಷ್ಟಾಯಿತು. ಮನೆಗೆ ಬಂದವನು ಸಂಜೆಯ ತನಕ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಿನಲ್ಲೇ, ಶುಕ್ರವಾರ ಧಾರಾವಾಹಿಯ ಹಳೆಯ ಸಂಚಿಕೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ಕೇಳು, ಇದಕ್ಕೂ ನಗು, ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದ.

ಅವಳು ನಗಲಿಲ್ಲ. ಕಥೆ ಒಬ್ಬ ಬಟ್ಟೆ ಹೊಲಿಯುವ ಹೆಂಗಸಿನದು. ಗಂಡ ಹೇಳದೆ ಕೇಳದೆ ಎಲ್ಲಿಗೋ ಹೋಗಿಬಿಟ್ಟಿದ್ದಾನೆ; ಅವಳು ಅತ್ತೆ, ಮೈದುನ, ಓರಗಿತ್ತಿಯ ನಡುವೆ ಹೊಲಿಗೆ ಮಿಷನ್ ತುಳಿಯುತ್ತ ಆ ಮನೆಯನ್ನು ಸಾಕುತ್ತಿದ್ದಾಳೆ. ಕಂತಪ್ಪ ಅದನ್ನು ಕೈ ರೂಢಿಯಿಂದ ಬರೆದುಬಿಟ್ಟಿದ್ದ. ಅವನ ಹೆಂಡತಿ ಮೊದಲ ದಿನವೇ ಅವಳಿಗೆ ಟೈಲರಮ್ಮ ಎಂದು ಹೆಸರಿಟ್ಟಳು.

"ಆ ಮೈದುನ ಸುಳ್ಳು ಹೇಳ್ತಿದಾನೆ" ಎಂದಳು. "ಅಣ್ಣ ಎಲ್ಲಿದಾನೆ ಅಂತ ಅವನಿಗೆ ಗೊತ್ತು."

"ಹಾಗೇನೂ ಬರೆದಿಲ್ಲವಲ್ಲ ನಾನು."

"ನೀವು ಬರೆದಿಲ್ಲ. ಅವನು ಮಾತಾಡೋ ರೀತಿ ನೋಡಿ. ಕೇಳದೇ ಇದ್ದಿದ್ದಕ್ಕೆಲ್ಲ ಉತ್ತರ ಕೊಡ್ತಾನೆ. ನಮ್ಮ ಕೌಂಟರ್‌ಗೆ ಬರ್ತಿದ್ರಲ್ಲ, ಕದ್ದು ಕನೆಕ್ಷನ್ ತಗೊಂಡೋರು, ಥೇಟ್ ಹಿಂಗೇ."

ಕಂತಪ್ಪ ಬುಧವಾರ ಮೇಜಿನ ಮುಂದೆ ಕೂತಾಗ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮೈದುನನಿಗೆ ಎಲ್ಲ ಗೊತ್ತಿದೆ ಎಂದು ಇಟ್ಟುಕೊಂಡು ಬರೆದ. ಕಂತು ತಾನಾಗಿ ನಡೆಯಿತು. ಶುಕ್ರವಾರ ಕೈಬರಹದಲ್ಲೇ ಓದಿದ. ಅಲ್ಲಿಂದಾಚೆ ಅದೇ ಪದ್ಧತಿಯಾಯಿತು. ಶುಕ್ರವಾರ ಓದುವುದು, ಅವಳು ಬೇಡವೆಂದದ್ದನ್ನು ಮಂಚದ ಪಕ್ಕದಲ್ಲೇ ಹೊಡೆದುಹಾಕುವುದು, ಶನಿವಾರ ಸಂಪಾದಕನಿಗೆ ಕೊಡುವುದು, ಮಂಗಳವಾರ ಮುಂದೇನು ಎಂದು ಜಗಳವಾಡುವುದು. ಜಗಳವೆಂದರೆ ಜಗಳವೇ. ಪೇಂಟರ್ ಒಮ್ಮೆ ಇವನ ಕಡೆ, ಒಮ್ಮೆ ಅವಳ ಕಡೆ. ಸೂಜಿ ತೆಗೆಯಲು ಬಂದ ಸಿಸ್ಟರ್ ಕೂಡ ನಿಂತು ಕೇಳಿ, "ಅಂಕಲ್, ಆ ಓರಗಿತ್ತಿಗೆ ಸ್ವಲ್ಪ ಬುದ್ಧಿ ಕೊಡಿ" ಎಂದು ಹೇಳಿ ಹೋಗುತ್ತಿದ್ದಳು.

ಸಂಪಾದಕ ಫೋನ್ ಮಾಡಿದ. ಮಗನ ವಯಸ್ಸಿನ ಹುಡುಗ, ಹಿಂದೆ ಇದ್ದವರ ಜಾಗಕ್ಕೆ ಬಂದವನು. "ಸಾರ್, ಏನ್ಸಾರ್ ಇದು! ಪತ್ರಿಕೆ ಕೈಗೆ ಬಂದ ತಕ್ಷಣ ಮೊದಲು ನಿಮ್ಮ ಪುಟಾನೇ ತೆಗೀತಾರಂತೆ. ಏನು ಮಾಡ್ತಿದೀರಿ ಇತ್ತೀಚೆಗೆ?"

ಹೆಂಡತಿಗೆ ಹುಷಾರಿಲ್ಲ ಎಂದು ಹೇಳಲು ಹೊರಟವನು, "ಏನಿಲ್ಲ, ಹಾಗೇ" ಎಂದ.

ಬದುಕಿನಲ್ಲಿ ಮೊದಲ ಸಲ ಅವನಿಗೆ ಬುಧವಾರ ಬರಲಿ ಅನ್ನಿಸುತ್ತಿತ್ತು. ಇವಳು ಏನು ಹೇಳಿಯಾಳು ಎಂದು ಯೋಚಿಸುತ್ತ ಬರೆಯುವುದರಲ್ಲಿ ಒಂದು ಹುಡುಗಾಟದ ಖುಷಿ ಇತ್ತು. ಇಷ್ಟು ವರ್ಷ ಇದೇ ಮನೆಯಲ್ಲಿ, ಗೋಡೆಯ ಆಚೆ, ಇಂಥ ಕಿವಿ ಇಟ್ಟುಕೊಂಡು ಇವಳು ಇದ್ದಳಲ್ಲ ಎಂದು ನೆನೆದಾಗ ಮಾತ್ರ ಆ ಖುಷಿಗೆ ಕಹಿ ಬೆರೆಯುತ್ತಿತ್ತು.

ಅವಳು ಇಳಿದುಹೋಗುತ್ತಿದ್ದಳು. ಹೃದಯವೂ ಸೋತಿದೆ ಎಂದರು ಡಾಕ್ಟರು. ಕೈಯ ಒಂದು ಜಾಗ ಕೆಟ್ಟು ಇನ್ನೊಂದು ಕಡೆ ಚುಚ್ಚಬೇಕಾಯಿತು. ಆಸ್ಪತ್ರೆಯಿಂದ ಬಂದ ದಿನ ತಲೆ ಎತ್ತುತ್ತಿರಲಿಲ್ಲ. ಮರುದಿನ ಸ್ವಲ್ಪ ಸುಧಾರಿಸಿಕೊಂಡರೆ ಅದರ ಮರುದಿನ ಮತ್ತೆ ಕಾಲು ಊದುತ್ತಿತ್ತು. ಒಂದು ಮಧ್ಯಾಹ್ನ, ವಾಪಸ್ಸು ಬರುವಾಗ, ಆಟೋದಲ್ಲಿ ಅವನ ಭುಜಕ್ಕೆ ಒರಗಿಕೊಂಡೇ ಹೇಳಿದಳು.

"ರೀ, ಸಾಕು ಅನ್ಸುತ್ತೆ ನಂಗೆ."

"ಏನು ಸಾಕು?"

"ಈ ಹೋಗೋದು, ಬರೋದು. ಡಾಕ್ಟರ್ ಹತ್ರ ನಾನೇ ಕೇಳಿದೆ. ನಿಲ್ಲಿಸಬೋದಂತೆ. ನೋವೇನೂ ಆಗದ ಹಾಗೆ ನೋಡ್ಕೋತಾರಂತೆ."

ಆಟೋ ಸಿಗ್ನಲ್‌ನಲ್ಲಿ ನಿಂತಿತ್ತು. ಪಕ್ಕದಲ್ಲಿ ಒಬ್ಬ ಹುಡುಗಿ ಸ್ಕೂಟರಿನ ಮೇಲೆ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

"ಟೈಲರಮ್ಮನ ಕಥೆ?" ಎಂದುಬಿಟ್ಟ.

ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ನಗು ಬಂತು ಅವಳಿಗೆ. "ಅದೊಂದಿದೆಯಲ್ಲ, ಹೌದು. ಅವಳು ಆ ಮನೆ ಬಿಟ್ಟು ಹೋಗೋದನ್ನ ನೋಡ್ಬೇಕು ನಾನು."

"ಹಾಗಾದ್ರೆ ಕಥೆ ಮುಗಿಯೋವರೆಗಾದ್ರೂ ಬಾ."

"ಆಯ್ತು" ಎಂದಳು. "ಕಥೆ ಮುಗಿಯೋವರೆಗೆ."

ಆ ಮಾತನ್ನು ಅವಳು ಹಗುರವಾಗಿಯೇ ಆಡಿದ್ದಳು. ಅವನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಟೈಲರಮ್ಮ ಹೊರಡುವುದಕ್ಕೆ ಎಲ್ಲ ತಯಾರಾಗಿತ್ತು. ಮೈದುನನ ಬಣ್ಣ ಬಯಲಾಗಿತ್ತು. ದೂರದ ಊರಿನಲ್ಲಿ ಅವಳಿಗೊಂದು ಕೆಲಸವೂ ಗೊತ್ತಾಗಿತ್ತು. ಇನ್ನು ಒಂದು ಕಂತಿನಲ್ಲಿ ಮುಗಿಸಬಹುದಿತ್ತು. ಆ ಬುಧವಾರ ಅವನು ಟೈಲರಮ್ಮನಿಗೆ ಜ್ವರ ಬರಿಸಿದ. ಮುಂದಿನ ವಾರ ಮನೆಯ ಮೇಲೆ ಕೋರ್ಟ್ ಕೇಸು ಹಾಕಿಸಿದ. ಅದು ಸಾಲದೆ ಬಂದಾಗ ಯಾರಿಗೂ ಗೊತ್ತಿಲ್ಲದ ಸೋದರತ್ತೆಯೊಬ್ಬಳನ್ನು ಪೆಟ್ಟಿಗೆ ಸಮೇತ ತಂದು ಇಳಿಸಿದ. ಇಷ್ಟು ವರ್ಷ ಕಂತು ಬರೆದವನಿಗೆ ಕಥೆ ಎಳೆಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೇಂಟರ್‌ಗೆ ಬಹಳ ಖುಷಿಯಾಯಿತು. "ಸೋದರತ್ತೆ ಸೂಪರ್ ಸಾರ್!" ಎಂದ.

ಹೆಂಡತಿ ಮೊದಮೊದಲು ವಾದ ಮಾಡಿದಳು. "ಈ ಸೋದರತ್ತೆ ಇಷ್ಟು ದಿನ ಎಲ್ಲಿದ್ಲು?" ಎಂದು ಕೇಳಿದಳು. "ಜ್ವರ ಬಂದ್ರೆ ಮಾತ್ರೆ ನುಂಗಿ ಹೋಗ್ಲಿ" ಎಂದಳು. ಬರುಬರುತ್ತ ಕೇಳುವುದನ್ನೇ ಬಿಟ್ಟಳು. ಒಂದು ಮಂಗಳವಾರ, ಪೇಂಟರ್ ನಿದ್ದೆ ಹೋಗಿದ್ದಾಗ, ಸಣ್ಣ ದನಿಯಲ್ಲಿ ಕರೆದಳು.

"ಇಲ್ಲಿ ಬನ್ನಿ, ಹತ್ತಿರ."

ಅವನು ಕುರ್ಚಿ ಎಳೆದುಕೊಂಡ.

"ಕಥೇನ ಎಳೀತಿದೀರಿ."

"ಇಲ್ಲಪ್ಪ, ಅದು ತಾನಾಗೇ..."

"ನಂಗೆ ಗೊತ್ತಾಗಲ್ವಾ? ಅವಳನ್ನೂ ಎಳೀತಿದೀರಿ, ನನ್ನನ್ನೂ ಎಳೀತಿದೀರಿ. ಇಬ್ಬರಿಗೂ ಸುಸ್ತಾಗಿದೆ ಕಣ್ರೀ."

ಯಂತ್ರ ಗುರುಗುಡುತ್ತಿತ್ತು. ಅವನು ಅವಳ ಬರಿಗೈಯನ್ನು, ಸೂಜಿ ಇಲ್ಲದ ಕೈಯನ್ನು ಹಿಡಿದುಕೊಂಡ. "ನೀನು ಹೋದ್ರೆ ನಾನು ಯಾರಿಗೆ ಓದ್ಲಿ?" ಎಂದ. ಹೇಳಿದ ಮೇಲೆ ಅವನಿಗೇ ಅಸಹ್ಯವಾಯಿತು. ಅವಳು ಸಾಯುವ ಮಾತಾಡುತ್ತಿದ್ದರೆ ಇವನಿಗೆ ತನ್ನ ಕಥೆ ಕೇಳುವವರಿಲ್ಲವೆಂಬ ಚಿಂತೆ.

ಅವಳು ಅದನ್ನೇನೂ ತಪ್ಪು ತಿಳಿಯಲಿಲ್ಲ. "ಈ ಶುಕ್ರವಾರ ಅವಳನ್ನ ಕಳಿಸಿಕೊಡಿ" ಎಂದಳು. "ಸುಮ್ನೆ ಬಾಗಿಲು ತೆಗೆದು ಹೋಗ್ಲಿ. ಅಳು ಗಿಳು ಏನೂ ಬೇಡ. ಎಲ್ಲಿಗೆ ಹೋದ್ಲು ಅಂತಾನೂ ಬರೀಬೇಡಿ, ಅದು ಅವಳಿಗೆ ಬಿಟ್ಟಿದ್ದು. ಮಾತು ಕೊಡಿ."

ಅವನು ಮಾತು ಕೊಟ್ಟ.

ಬುಧವಾರ ಬರೆಯಲು ಕೂತ. ಟೈಲರಮ್ಮ ಬೆಳಗ್ಗೆ ಎದ್ದಳು, ಹೊಲಿದು ಮುಗಿಸಿದ ಬಟ್ಟೆಗಳನ್ನು ಮಡಿಸಿಟ್ಟಳು, ಚೀಲ ತೆಗೆದುಕೊಂಡು ಬಾಗಿಲವರೆಗೆ ಬಂದಳು. ಚಿಲಕಕ್ಕೆ ಕೈ ಹಾಕಿದಳು. ಅಲ್ಲಿಗೆ ಅವನ ಪೆನ್ನು ನಿಂತಿತು. ಎದ್ದು ಹೋಗಿ ಪಕ್ಕದ ಕೋಣೆಯಲ್ಲಿ ಇಣುಕಿ ನೋಡಿದ. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೊದಿಕೆಯ ಕೆಳಗೆ ಮನುಷ್ಯರಿದ್ದಾರೆಂದೇ ಅನ್ನಿಸದಷ್ಟು ಸಣ್ಣಗಾಗಿದ್ದಳು. ವಾಪಸ್ಸು ಬಂದು ಕೂತು, ಒಳಗೆ ಗಂಡನ ತಾಯಿ ಮೆಟ್ಟಿಲ ಮೇಲೆ ಜಾರಿ ಬಿದ್ದ ಸದ್ದಾಯಿತು ಎಂದು ಬರೆದ. ಟೈಲರಮ್ಮ ಚೀಲ ಕೆಳಗಿಟ್ಟು ಒಳಗೆ ಓಡಿದಳು.

ಶುಕ್ರವಾರ ಅದನ್ನೇ ಓದಿದ. ಬೇರೆ ಏನೂ ಅವನ ಬಳಿ ಇರಲಿಲ್ಲ. ಓದುವಾಗ ಹಾಳೆಯಿಂದ ಕಣ್ಣು ಎತ್ತಲಿಲ್ಲ. ಮುಗಿದಾಗ ಪೇಂಟರ್, "ಅಯ್ಯೋ ಸಾರ್, ಇನ್ನೇನು ಹೋಗೇಬಿಟ್ಲು ಅಂದ್ಕೊಂಡೆ!" ಎಂದ. ಅವನು ಹೆಂಡತಿಯ ಬೈಗುಳಕ್ಕೆ ಕಾದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹೋಗ್ಲಿ ಬಿಡಿ" ಎಂದಳು, ಕಣ್ಣು ಮುಚ್ಚಿಕೊಂಡೇ.

ಆಮೇಲೆ ಚಳಿ ಎಂದಳು. ಅವನು ಇನ್ನೊಂದು ಹೊದಿಕೆ ತರಲು ಎದ್ದ. ಹೊದಿಕೆ ಹಿಡಿದು ತಿರುಗುವಷ್ಟರಲ್ಲಿ ಯಂತ್ರ ಕೂಗಿಕೊಳ್ಳತೊಡಗಿತ್ತು, ಸಿಸ್ಟರ್ ಓಡಿ ಬಂದು ಮಂಚದ ತಲೆಯ ಭಾಗವನ್ನು ಕೆಳಗಿಳಿಸುತ್ತಿದ್ದಳು, ಇನ್ಯಾರೋ ಪರದೆ ಎಳೆಯುತ್ತಿದ್ದರು. "ಅಂಕಲ್, ಹೊರಗಿರಿ, ಹೊರಗಿರಿ" ಎಂದು ಅವನನ್ನು ತಳ್ಳಿದರು. ಬಿ.ಪಿ. ಸಿಗುತ್ತಿಲ್ಲ ಎಂದು ಯಾರೋ ಹೇಳಿದ್ದು ಕೇಳಿಸಿತು. ಬಾಗಿಲ ಹೊರಗಿನ ಬೆಂಚಿನ ಮೇಲೆ ಅವನು ತೊಡೆಯ ಮೇಲೆ ಹೊದಿಕೆ ಹಾಕಿಕೊಂಡು ಕೂತ. ಡಾಕ್ಟರು ಹೊರಗೆ ಬಂದು ಭುಜದ ಮೇಲೆ ಕೈ ಇಟ್ಟಾಗ, "ಅವಳಿಗೆ ಚಳಿಯಾಗ್ತಿತ್ತು" ಎಂದು ಹೊದಿಕೆಯನ್ನು ಅವರ ಕಡೆಗೆ ಚಾಚಿದ.

ಬೇರೆ ಊರಿನಲ್ಲಿದ್ದ ಮಗಳು ಬಂದಳು. ಎಲ್ಲ ಮುಗಿದ ಮೇಲೂ ಸ್ವಲ್ಪ ದಿನ ಇದ್ದಳು, ಅಮ್ಮನ ಬಟ್ಟೆಗಳನ್ನು ವಿಂಗಡಿಸಿದಳು. "ನಮ್ಮ ಜೊತೆ ಬನ್ನಿ ಅಪ್ಪ" ಎಂದಳು. ಕೆಲಸ ಇದೆ ಎಂದ. "ಅಮ್ಮ ಫೋನ್ ಮಾಡಿದಾಗೆಲ್ಲ ಆ ಟೈಲರ್ ಹೆಂಗಸಿನ ಕಥೆ ಹೇಳೋಳು. ನನಗೆ ಆಶ್ಚರ್ಯ ಆಗೋದು. ಕೊನೇಲಿ ಏನಾಗುತ್ತೆ ಅಪ್ಪ ಅವಳಿಗೆ?" ಎಂದು ಕೇಳಿದಳು.

"ಬರೀಬೇಕು ಇನ್ನೂ" ಎಂದು ಅವನು ಸ್ನಾನಕ್ಕೆ ಎದ್ದುಹೋದ.

ಮಗಳು ಹೋದ ಮೇಲೆ ಬರೆದ. ಒಂದೇ ಸಲಕ್ಕೆ ಬಂತು. ಬಾಗಿಲು ತೆಗೆದು ಟೈಲರಮ್ಮ ಹೋದಳು. ಅಳು ಇರಲಿಲ್ಲ. ಎಲ್ಲಿಗೆಂದು ಬರೆಯಲಿಲ್ಲ. ಹೀಗೆ ಬರೆಯುವುದು ಇಷ್ಟು ಸುಲಭವಿತ್ತು ಎಂಬುದೇ ಅವನನ್ನು ಕೊಂದಿತು. ಅವತ್ತು ಬುಧವಾರ, ಅವಳು ಪಕ್ಕದ ಕೋಣೆಯಲ್ಲಿದ್ದಾಗ, ಇಷ್ಟೇ ಮಾಡಬೇಕಿತ್ತು.

ಶನಿವಾರ ತಾನೇ ತೆಗೆದುಕೊಂಡು ಹೋಗಿ ಸಂಪಾದಕನ ಮುಂದಿಟ್ಟ. ಹುಡುಗ ಓದಿ, ಹಾಳೆ ಕೆಳಗಿಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಈಗ ಮುಗಿಸಿದ್ರೆ ಹೇಗೆ? ಓಡ್ತಿರೋ ಕುದುರೆ. ಇನ್ನಾರು ತಿಂಗಳು ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ."

"ಮುಗೀತು ಅದು."

"ಮೇಡಂ ವಿಷಯ ತಿಳೀತು ಸಾರ್. ನೀವು ರೆಸ್ಟ್ ತಗೊಳ್ಳಿ. ಬೇಕಾದ್ರೆ ಒಂದಷ್ಟು ದಿನ ಬೇರೆಯವರ ಕೈಲಿ ಬರೆಸ್ತೀನಿ. ಹೆಸರು ಹೇಗೂ ಪತ್ರಿಕೇದು, ಓದೋರಿಗೆ ಗೊತ್ತಾಗಲ್ಲ."

ಕಂತಪ್ಪ ಕೂಗಾಡಬಹುದಿತ್ತು. ಆದರೆ ಆ ಹೆಸರಿನ ಮೇಲೆ ತನಗೆ ಹಕ್ಕಿಲ್ಲವೆಂದು ಅವನೇ ಹಿಂದೆ ಸಹಿ ಹಾಕಿಕೊಟ್ಟಿದ್ದ. ಆ ಹೆಸರು ಬೇಕೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. "ಕೊನೆ ಕಂತು ಇದೇ ಇರಲಿ. ಯಾವಾಗ ಮುಗಿಸಿದ್ರೂ ಇದನ್ನೇ ಹಾಕಿ" ಎಂದಷ್ಟೇ ಕೇಳಿದ.

"ಖಂಡಿತ ಸಾರ್" ಎಂದ ಹುಡುಗ, ಹಾಳೆಗಳನ್ನು ಮೇಜಿನ ಮೂಲೆಯ ರಾಶಿಗೆ ಸೇರಿಸುತ್ತ.

ಇನ್ನು ಕಾದಂಬರಿ ಬರೆಯುತ್ತೇನೆ, ಈಗ ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಭಾನುವಾರ ಕಟ್ಟು ಬಿಚ್ಚಿದ. ಮೊದಲ ಪುಟದಿಂದ ಓದುತ್ತ ಹೋದ. ತಾನೇ ಓದುತ್ತಿದ್ದರೂ ಅವಳ ಕಿವಿಗೆ ಬೀಳುತ್ತಿದ್ದಂತೆ ಕೇಳಿಸುತ್ತಿತ್ತು. ಜನ ಮಾತಾಡುತ್ತಿದ್ದರು, ಗುಡ್ಡದ ಮೇಲೆ ನಿಲ್ಲುತ್ತಿದ್ದರು, ಕಾಲದ ಬಗ್ಗೆ, ನೀರಿನ ಬಗ್ಗೆ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದರು. ಮಧ್ಯಾಹ್ನವಾದರೂ ಅಷ್ಟು ಪುಟಗಳಲ್ಲಿ ಬದುಕಿರುವ ಒಬ್ಬ ಮನುಷ್ಯನೂ ಸಿಕ್ಕಲಿಲ್ಲ. ಇಂಥ ಊರು ಮುಳುಗಿದರೆ ಯಾರಿಗೇನು ನಷ್ಟ ಎಂದು ಅನ್ನಿಸಿತು. ಹರಿದು ಹಾಕುವಷ್ಟು ಸಿಟ್ಟೂ ಬರಲಿಲ್ಲ. ಮತ್ತೆ ದಾರ ಕಟ್ಟಿ ಬೀರುವಿನ ಮೇಲಿಟ್ಟ. ಆಮೇಲೆ ಅದನ್ನು ಇಳಿಸಲಿಲ್ಲ.

ಉಳಿದದ್ದು ವಿಮರ್ಶೆ. ಸೋಮವಾರಗಳು ಬಂದವು, ಅವನು ಬರೆದುಕೊಟ್ಟ. 'ಭರವಸೆಯ ಬರಹ', 'ಓದಿಸಿಕೊಂಡು ಹೋಗುವ ಶೈಲಿ'. ಪುಸ್ತಕವನ್ನು ಪೂರ್ತಿ ಓದುವುದನ್ನು ಯಾವಾಗ ಬಿಟ್ಟನೋ ಅವನಿಗೇ ತಿಳಿಯಲಿಲ್ಲ. ಯಾರೂ ಕೇಳಲೂ ಇಲ್ಲ.

ಮನೆಯಲ್ಲಿ ಅವಳ ಔಷಧಿಗಳು ಹಾಗೇ ಉಳಿದಿದ್ದವು. ಬೇರೆ ಯಾರಿಗಾದರೂ ಆಗಲಿ ಎಂದು ಒಂದು ಮಂಗಳವಾರ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಅವಳ ಮಂಚದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಲಗಿದ್ದಳು. ಸಿಸ್ಟರ್ ಔಷಧಿ ಇಸಕೊಂಡು, "ಊಟ ಮಾಡ್ತಿದೀರಾ ಅಂಕಲ್? ಇಳಿದುಬಿಟ್ಟಿದೀರಿ" ಎಂದಳು. ಪೇಂಟರ್ ಅವನನ್ನು ಕಂಡು ಎದ್ದು ಕೂರಲು ಹೋಗಿ, ಸೂಜಿ ಎಳೆದು, ಹಾಗೇ ಒರಗಿದ.

"ಬನ್ನಿ ಸಾರ್, ಬನ್ನಿ. ಅಕ್ಕ ಹೋದ್ಮೇಲೆ ಈ ಕಡೆ ನೋಡೋಕೇ ಆಗಲ್ಲ ನಂಗೆ." ಆ ಹುಡುಗಿಯ ಮಂಚದ ಕಡೆ ಕೈ ತೋರಿಸಿದ. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡವನೇ ದಿಂಬಿನ ಕೆಳಗಿನಿಂದ ವಾರಪತ್ರಿಕೆ ತೆಗೆದ. "ನಮ್ಮನೆಯೋಳಿಗೆ ಹೇಳಿ ತರಿಸ್ತೀನಿ. ಈ ವಾರದ್ದು ನೋಡಿದ್ರಾ? ಗಂಡ ವಾಪಸ್ ಬಂದ ಸಾರ್! ಕಣ್ಣು ಕಾಣಲ್ಲ ಅವನಿಗೆ, ಪಾಪ. ಟೈಲರಮ್ಮ ಕಾಲು ಹಿಡ್ಕೊಂಡು ಅತ್ತುಬಿಟ್ಲು. ಇನ್ನೆಲ್ಲೂ ಹೋಗಲ್ಲ ಅಂದ್ಲು. ನಾನೂ ಅತ್ತುಬಿಟ್ಟೆ ಸಾರ್, ಸುಳ್ಳು ಯಾಕೆ ಹೇಳ್ಲಿ. ಬಹಳ ಚೆನ್ನಾಗಿ ಬರೀತಿದೀರಿ ಈಗ."

ಕಂತಪ್ಪ ಪತ್ರಿಕೆ ತೆಗೆದುಕೊಂಡು ನೋಡಿದ. ಮೇಲುಗಡೆ ಅವನು ಇಟ್ಟುಕೊಂಡಿದ್ದ ಅದೇ ಹೆಂಗಸಿನ ಹೆಸರಿತ್ತು. ನಡುವೆ ಚಿತ್ರ: ಕುರುಡ ಗಂಡ, ಅವನ ಪಾದದ ಮೇಲೆ ಹೆಂಡತಿಯ ತಲೆ.

ಇದು ನಾನು ಬರೆದದ್ದಲ್ಲ ಎಂದು ಹೇಳಬೇಕೆನ್ನಿಸಿತು. ಅವಳು ಹೋದಳು, ಬಾಗಿಲು ತೆಗೆದು ಹೋದಳು, ನಿನ್ನ ಅಕ್ಕ ಹೇಳಿದ ಹಾಗೇ ಬರೆದಿದ್ದೇನೆ ಎಂದು ಹೇಳಬೇಕೆನ್ನಿಸಿತು. ಪೇಂಟರ್ ಅವನ ಮುಖವನ್ನೇ ನೋಡುತ್ತಿದ್ದ, ಕಾಯಿಲೆಯಿಂದ ಊದಿದ ಕಣ್ಣುಗಳನ್ನು ಅರಳಿಸಿಕೊಂಡು.

"ಮುಂದೇನಾಗುತ್ತೆ ಸಾರ್? ನಂಗೊಬ್ಬನಿಗೆ ಹೇಳಿ, ಯಾರಿಗೂ ಹೇಳಲ್ಲ. ಗಂಡನಿಗೆ ಕಣ್ಣು ಬರುತ್ತಾ?"

"ಬರುತ್ತೆ" ಎಂದ ಕಂತಪ್ಪ.

ಪೇಂಟರ್ ನೆಮ್ಮದಿಯಿಂದ ದಿಂಬಿಗೆ ತಲೆ ಇಟ್ಟ. ಕಂತಪ್ಪ ಪತ್ರಿಕೆಯನ್ನು ಮಡಿಸಿ ಅವನ ಪಕ್ಕದಲ್ಲಿಟ್ಟು, ಬರುತ್ತೇನೆಂದು ಹೇಳಿ ಹೊರಗೆ ಬಂದ. ಗೇಟಿನ ಬಳಿ ಆಟೋದವರು ಎಲ್ಲಿಗೆ ಎಲ್ಲಿಗೆ ಎಂದು ಸುತ್ತುವರಿದರು. ಅವನಿಗೆ ಮನೆಯ ವಿಳಾಸ ಹೇಳಲು ಬಾಯಿ ಬರಲಿಲ್ಲ. ಅವರನ್ನು ದಾಟಿಕೊಂಡು, ಬಿಸಿಲಿನಲ್ಲಿ, ಫುಟ್‌ಪಾತ್ ಹಿಡಿದು ನಡೆಯುತ್ತ ಹೋದ.